ದೋಣಿ ಎಂಜಿನ್ನಿನ ಆಯಿಲ್ ಸೀಲ್

ಆಯಿಲ್ ಸೀಲ್ ಎಂಬುದು ತಿರುಗುವ ಶಾಫ್ಟನ್ನು ಸುತ್ತುವರಿದು, ಗಿಯರ್ ಪೆಟ್ಟಿಗೆಯ ಎಣ್ಣೆ ಸೋರದಂತೆಯೂ ಹೊರಗಿನ ನೀರು ಒಳನುಗ್ಗದಂತೆಯೂ ತಡೆಯುವ ರಬ್ಬರಿನ ಬಳೆ. ಇದರ ತುಟಿಯಂತಹ ಅಂಚನ್ನು ಸಣ್ಣ ಸ್ಪ್ರಿಂಗೊಂದು ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ.

ಎಂಜಿನ್ ದೋಣಿಯ ಒಳಗೂ ಪ್ರೊಪೆಲ್ಲರ್ ಭಾಗ ಹಿಂಬದಿಯ ಹೊರಗೂ ಇರುವ ವ್ಯವಸ್ಥೆಗೆ ಸ್ಟರ್ನ್‌ಡ್ರೈವ್ ಎಂದು ಹೆಸರು. ವೋಲ್ವೊ ಪೆಂಟಾ ಇದನ್ನು 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಿಂದ ಪರಿಚಯಿಸಿತು. ಕರ್ನಾಟಕ ಕರಾವಳಿಯ ನಾಡದೋಣಿಗಳಲ್ಲಿ ಬಳಕೆಯಲ್ಲಿರುವುದು ಔಟ್‌ಬೋರ್ಡ್ ಎಂಜಿನ್. ಆದರೂ ನೀರಿನಲ್ಲಿ ಮುಳುಗಿರುವ ಗಿಯರ್ ಪೆಟ್ಟಿಗೆಯಲ್ಲಿ ಸೀಲಿನ ಕೆಲಸ ಎರಡರಲ್ಲಿಯೂ ಒಂದೇ.

ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆಯೆಂದು ತಿಳಿಯಬೇಕು. ಅದನ್ನು ಕಡೆಗಣಿಸಿದಲ್ಲಿ ಬೇರಿಂಗುಗಳು ತುಕ್ಕು ಹಿಡಿದು, ಕಡಲ ನಡುವೆಯೇ ಗಿಯರ್ ಕಚ್ಚಿಕೊಳ್ಳಬಹುದು. ವಯಸ್ಸೊಂದೇ ಕಾರಣವಲ್ಲ, ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ನೈಲಾನ್ ಬಲೆಯ ನೂಲೂ ಸೀಲಿನ ತುಟಿಯನ್ನು ಕೊಯ್ಯುತ್ತದೆ.

ಬದಲಿಸುವಾಗ ಎಣ್ಣೆಯನ್ನು ಬಸಿದು, ಪ್ರೊಪೆಲ್ಲರ್ ಕಳಚಿ, ಶಾಫ್ಟಿಗೆ ಗೀರು ಬೀಳದಂತೆ ಹಳೆಯ ಸೀಲನ್ನು ತೆಗೆಯಲಾಗುತ್ತದೆ. ಹಳೆಯ ಎಂಜಿನ್ನುಗಳಲ್ಲಿ ನಿಜವಾದ ತೊಡಕು ಇರುವುದು ಶಾಫ್ಟಿನಲ್ಲಿ. ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಅಲ್ಲಿ ಸಣ್ಣ ತೋಡು ಉಂಟಾಗಿರುತ್ತದೆ. ಉಗುರಿಗೆ ಸಿಕ್ಕುವಷ್ಟು ತೋಡಿದ್ದರೆ ಹೊಸ ಸೀಲೂ ಬೇಗನೆ ಸೋರುತ್ತದೆ. ಅದರ ಮೇಲೆ ತೆಳುವಾದ ಉಕ್ಕಿನ ಕವಚ ತೊಡಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ಎಣ್ಣೆ ತುಂಬುವ ಮೊದಲು, ತಯಾರಕರು ಸೂಚಿಸಿದ ಒತ್ತಡದಲ್ಲಿ ಗಾಳಿ ತುಂಬಿ ಸೋರಿಕೆಯನ್ನು ಪರೀಕ್ಷಿಸಲಾಗುತ್ತದೆ. ಎಣ್ಣೆಯನ್ನು ಕೆಳಗಿನ ರಂಧ್ರದಿಂದ, ಮೇಲಿನ ರಂಧ್ರದಲ್ಲಿ ಕಾಣಿಸಿಕೊಳ್ಳುವವರೆಗೆ ತುಂಬುವುದು ವಾಡಿಕೆ. ಇದರಿಂದ ಒಳಗೆ ಗಾಳಿ ಉಳಿಯುವುದಿಲ್ಲ.