ಕಣದಿಂದ ಕಾಟಾದವರೆಗೆ: ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರಿಗೆ ತರಬೇತಿ, ನೆರವು ಮತ್ತು ಹಂಗಾಮಿನ ಅವಕಾಶಗಳು

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಗೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಒಣಮೆಣಸಿನಕಾಯಿಯ ಹಂಗಾಮು. ಸೋಮವಾರ ಮತ್ತು ಗುರುವಾರಗಳಂದು ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಚೀಲಗಳ ಸಾಲುಗಳ ನಡುವೆ ಕಾಲಿಡಲೂ ಜಾಗವಿರುವುದಿಲ್ಲ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಮಳೆಯಾಶ್ರಿತ ಎರೆ ಭೂಮಿಯ ಫಸಲಿನೊಡನೆ ಬಳ್ಳಾರಿ, ರಾಯಚೂರು ಹಾಗೂ ನೆರೆಯ ಆಂಧ್ರಪ್ರದೇಶದ ನೀರಾವರಿ ಪ್ರದೇಶಗಳ ಮಾಲೂ ಇಲ್ಲಿಗೇ ಬರುತ್ತದೆ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಸ್ಥಳೀಯ ತಳಿಗಳ ಖಾರ ಕಡಿಮೆ, ಬಣ್ಣ ಗಾಢ. ಈ ಬಣ್ಣದ ಕಾರಣದಿಂದಲೇ ಮಸಾಲೆ ತಯಾರಕರಷ್ಟೇ ಅಲ್ಲದೆ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳೂ ಈ ಪೇಟೆಯನ್ನು ಅವಲಂಬಿಸಿವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು.

ಇಷ್ಟೆಲ್ಲ ಹೆಗ್ಗಳಿಕೆಯ ಪೇಟೆಯಲ್ಲಿಯೇ 2024ರ ಮಾರ್ಚ್ 11ರ ಸೋಮವಾರ ಬೆಲೆ ಕುಸಿತದಿಂದ ಕೆರಳಿದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ಘಟನೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿನ ಲೆಕ್ಕವನ್ನು ವರ್ತಕ ಸಮುದಾಯ ಅರಿಯಬೇಕಾಗಿದೆ. ಹಿಂದಿನ ವರ್ಷದ ಏರುಬೆಲೆಯನ್ನು ಕಂಡು ಬಿತ್ತನೆ ಹೆಚ್ಚಿತ್ತು. ಶೀತಲಗೃಹಗಳಲ್ಲಿ ಹಳೆಯ ದಾಸ್ತಾನು ಉಳಿದಿತ್ತು. ಇವುಗಳ ಮೇಲೆ ಮಾರ್ಚ್ ತಿಂಗಳ ಭಾರೀ ಆವಕ ಬಂದಿತು. ಮಾಲು ತಂದ ರೈತನಿಗೆ ಅಂದೇ ಮಾರದೆ ಮರಳುವ ಶಕ್ತಿಯಿರಲಿಲ್ಲ. ಮೆಣಸಿನಕಾಯಿಗೆ ಕನಿಷ್ಠ ಬೆಂಬಲ ಬೆಲೆಯ ಆಸರೆ ಇಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ರೈತರಿಗಾಗಿ ಯೋಜನೆಗಳಿಲ್ಲ ಎಂದು ಹೇಳಲಾಗದು. ತರಬೇತಿ ಇದೆ, ಸಾಲವಿದೆ, ಸಹಾಯಧನವಿದೆ. ಇವು ರೈತನನ್ನು ತಲುಪುವ ತಿಂಗಳು ಮತ್ತು ರೈತನಿಗೆ ಇವು ಬೇಕಾಗುವ ತಿಂಗಳು ಒಂದೇ ಆಗಿಲ್ಲದಿರುವುದು ಕೊರತೆಯ ಮೂಲ.

ಎರಡು ಪಂಚಾಂಗಗಳು

ಬೆಳೆಗಾರನ ವರ್ಷ ಮುಂಗಾರಿನೊಂದಿಗೆ ಆರಂಭವಾಗುತ್ತದೆ. ಜೂನ್-ಜುಲೈ ತಿಂಗಳುಗಳಲ್ಲಿ ಸಸಿ ನಾಟಿ, ಅನೇಕ ಕಡೆ ಉಳ್ಳಾಗಡ್ಡಿ ಮತ್ತು ಹತ್ತಿಯೊಂದಿಗೆ ಮಿಶ್ರಬೆಳೆ. ಮಳೆಗಾಲ ಕಳೆಯುತ್ತಿದ್ದಂತೆ ಮುರುಟು ರೋಗದ ಚಿಂತೆ. 2021ರಿಂದೀಚೆಗೆ ಹೊರನಾಡಿನಿಂದ ಬಂದ ಹೊಸ ಜಾತಿಯ ಕಪ್ಪು ಥ್ರಿಪ್ಸ್ ನುಸಿಯೂ ದಕ್ಷಿಣದ ರಾಜ್ಯಗಳ ಮೆಣಸಿನ ಹೊಲಗಳನ್ನು ಕಾಡಿದೆ. ಡಿಸೆಂಬರ್‌ನಿಂದ ಬಿಡಿಸುವಿಕೆ, ಒಣಗಿಸುವಿಕೆ, ಮಾರಾಟ.

ಸರ್ಕಾರಿ ಕಚೇರಿಗಳ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅನುದಾನ ಬಿಡುಗಡೆಯಾಗಿ ಕೆಳಹಂತಕ್ಕೆ ಬರುವಷ್ಟರಲ್ಲಿ ವರ್ಷದ ಬಹುಭಾಗ ಕಳೆದಿರುವುದು ವಾಡಿಕೆ. ಆಗ ಉಳಿದ ಹಣ ವ್ಯಪಗತವಾಗದಿರಲೆಂದು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ತರಬೇತಿ ಶಿಬಿರಗಳು ಒಂದರ ಹಿಂದೊಂದು ನಡೆಯುತ್ತವೆ. ಕಣದಲ್ಲಿ ಕಾಯಿ ಹರಡಿ ಕುಳಿತ ರೈತ ಅದನ್ನು ಬಿಟ್ಟು ಸಭಾಭವನಕ್ಕೆ ಬರುವುದಾದರೂ ಹೇಗೆ? ಹಾಜರಿ ಪುಸ್ತಕದಲ್ಲಿ ಸಹಿಗಳಿರುತ್ತವೆ, ಊಟದ ವೆಚ್ಚದ ರಸೀದಿಗಳೂ ಇರುತ್ತವೆ. ಲೆಕ್ಕ ತಪಾಸಣೆಯ ದೃಷ್ಟಿಯಿಂದ ಎಲ್ಲವೂ ಸರಿಯಾಗಿಯೇ ಇರುತ್ತದೆ!

ಇದೇ ಮಾರ್ಚ್ ತಿಂಗಳು ಸಾಲದ ವಿಷಯದಲ್ಲಿಯೂ ಅಡ್ಡಬರುತ್ತದೆ. ರಾಜ್ಯದ ಸಹಕಾರಿ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023-24ನೇ ಸಾಲಿನಿಂದ 3 ಲಕ್ಷ ರೂಪಾಯಿಗಳಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಈ ಸೌಲಭ್ಯ ಗಡುವಿನೊಳಗೆ ಮರುಪಾವತಿಸಿದವರಿಗೆ ಮಾತ್ರ. ಮುಂಗಾರು ಸಾಲದ ಗಡುವು ಸಾಮಾನ್ಯವಾಗಿ ಮಾರ್ಚ್ ಅಂತ್ಯದ ಆಸುಪಾಸಿನಲ್ಲಿರುತ್ತದೆ. ಗಡುವು ಮೀರಿದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತೊಡಕಾಗುತ್ತದೆ. ಆದುದರಿಂದ ಆವಕ ಅತಿ ಹೆಚ್ಚು, ಬೆಲೆ ಅತಿ ದುರ್ಬಲವಾಗಿರುವ ವಾರಗಳಲ್ಲಿಯೇ ರೈತ ಮಾರಬೇಕಾಗುತ್ತದೆ. ಬಡ್ಡಿಯಿಲ್ಲದ ಸಾಲ ತೀರಿಸಲು ಮಾಲಿನ ಬೆಲೆಯಲ್ಲಿ ಸೋಲುವ ಈ ವ್ಯವಹಾರವನ್ನು ಯಾವ ವರ್ತಕನೂ ತನ್ನ ಅಂಗಡಿಯಲ್ಲಿ ಒಪ್ಪಲಾರನು.

ಕಣದಲ್ಲಿ ಕಲಿಯಬೇಕಾದುದು

ಜಿಲ್ಲೆಯ ರೈತರಿಗೆ ಸಮೀಪದ ತರಬೇತಿ ಕೇಂದ್ರವೆಂದರೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಆಶ್ರಯದ ಕೃಷಿ ವಿಜ್ಞಾನ ಕೇಂದ್ರ. ಬೀಜೋಪಚಾರ, ಸಸಿಮಡಿ, ಸಮಗ್ರ ಕೀಟ ನಿರ್ವಹಣೆ ಮುಂತಾದ ವಿಷಯಗಳ ಮಾಹಿತಿ ಇಂತಹ ಕೇಂದ್ರಗಳಲ್ಲಿ ದೊರೆಯುತ್ತದೆ. ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುವುದರಿಂದ ಬೆಳೆ ಹೊಲದಲ್ಲಿರುವಾಗಲೇ ಪ್ರಶ್ನೆ ಕೇಳಲು ಅನುಕೂಲ.

ಆದರೆ ಬೆಲೆ ನಿರ್ಧಾರವಾಗುವುದು ಬಹುಮಟ್ಟಿಗೆ ಕಣದಲ್ಲಿ. ಪೂರ್ಣ ಕೆಂಪಾದ ಕಾಯಿಯನ್ನೇ ಬಿಡಿಸುವುದು, ಬರಿ ನೆಲದ ಬದಲು ತಾಡಪಾಲಿನ ಮೇಲೆ ಹರಡುವುದು, ರಾತ್ರಿ ಇಬ್ಬನಿಗೆ ಮುಚ್ಚುವುದು, ತೇವಾಂಶ ಶೇ. 10-11ಕ್ಕೆ ಇಳಿಯುವವರೆಗೆ ಒಣಗಿಸುವುದು, ಬಿಳಿಗಾಯಿ ಆಯ್ದು ಬೇರ್ಪಡಿಸುವುದು: ಇವೆಲ್ಲ ದೊಡ್ಡ ಬಂಡವಾಳ ಬೇಡುವ ಕೆಲಸಗಳಲ್ಲ. ತೂಕ ಬರಲೆಂದೋ ಕಾಯಿ ಮುರಿಯದಿರಲೆಂದೋ ನೀರು ಚಿಮುಕಿಸುವ ರೂಢಿ ಮಾತ್ರ ಬಹಳ ದುಬಾರಿಯಾದುದು. ತೇವದ ಚೀಲದಲ್ಲಿ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುವ ಸಂಭವವಿದೆ. ಐರೋಪ್ಯ ಒಕ್ಕೂಟವು ಒಣಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್‌ಗೆ ಪ್ರತಿ ಕಿಲೋಗ್ರಾಂಗೆ 10 ಮೈಕ್ರೋಗ್ರಾಂಗಳ ಮಿತಿ ವಿಧಿಸಿದೆ. 2003ರಲ್ಲಿ ಸುಡಾನ್ ಬಣ್ಣದ ಕಲಬೆರಕೆ ಪತ್ತೆಯಾದ ಬಳಿಕ ಸಾಂಬಾರ ಮಂಡಳಿಯು ರಫ್ತು ಮಾಲಿನ ಕಡ್ಡಾಯ ಪರೀಕ್ಷೆಯನ್ನು ಜಾರಿಗೊಳಿಸಿತು. ಕಲಬೆರಕೆ ಮಾಡಿದವರು ಯಾರೋ, ಪರೀಕ್ಷೆಯ ವೆಚ್ಚ ಹೊತ್ತವರು ಎಲ್ಲರೂ.

ಇಂತಹ ವಿಷಯಗಳನ್ನು ನವೆಂಬರ್‌ನಲ್ಲಿ, ಊರ ಕಣದಲ್ಲಿಯೇ, ಒಂದು ತೇವಾಂಶ ಮಾಪಕವನ್ನು ಕೈಯಲ್ಲಿ ಹಿಡಿದು ಅರ್ಧ ದಿನದಲ್ಲಿ ತೋರಿಸಬಹುದು. ಅದೇ ಲಾಟನ್ನು ಖರೀದಿಸುವ ವರ್ತಕರೊಬ್ಬರು ಜೊತೆಗಿದ್ದು, ಯಾವ ದರ್ಜೆಗೆ ತಾವು ಎಷ್ಟು ಹೆಚ್ಚು ಕೊಡುವೆವೆಂದು ಹೇಳಿದರೆ ಆ ಪಾಠ ಮನಸ್ಸಿಗೆ ನಾಟುತ್ತದೆ. ಬೆಲೆಯ ಮಾತಿಲ್ಲದ ಗುಣಮಟ್ಟದ ಬೋಧನೆಯನ್ನು ರೈತರು ಬಹಳ ಕೇಳಿದ್ದಾರೆ.

ಕಾಯುವುದರ ಖರ್ಚು

ಇನ್ನು ದಾಸ್ತಾನಿನ ವಿಷಯ. 2007ರ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆಯು 2010ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಿತು. ಪ್ರಾಧಿಕಾರದಲ್ಲಿ ನೋಂದಾಯಿತವಾದ ಉಗ್ರಾಣದಲ್ಲಿ ಮಾಲು ಇರಿಸಿದವರಿಗೆ 2017ರಿಂದ ಎಲೆಕ್ಟ್ರಾನಿಕ್ ರೂಪದ ವರ್ಗಾವಣೀಯ ರಸೀದಿ ದೊರೆಯುತ್ತಿದೆ. ಈ ರಸೀದಿಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಹೊಂದಿದ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕಟಾವಿನ ನಂತರ ಆರು ತಿಂಗಳವರೆಗೆ ಇಂತಹ ಸಾಲವನ್ನು ಶೇ. 7ರ ರಿಯಾಯಿತಿ ದರದಲ್ಲಿ ನೀಡಲು ಬಡ್ಡಿ ಸಹಾಯಧನ ಯೋಜನೆಯಲ್ಲಿ ಅವಕಾಶವಿದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು 1,000 ಕೋಟಿ ರೂಪಾಯಿಗಳ ನಿಧಿಯೊಡನೆ ಇಂತಹ ಸಾಲಗಳಿಗೆ ಖಾತರಿ ಯೋಜನೆಯನ್ನೂ ಆರಂಭಿಸಿತು. ಬ್ಯಾಂಕುಗಳ ಹಿಂಜರಿಕೆಗೆ ಕಾರಣ ಕಡಿಮೆಯಾಗಿದೆ.

ಕಾಯುವುದಕ್ಕೂ ಖರ್ಚಿದೆ. ಉದಾಹರಣೆಗಾಗಿ, ರೈತನೊಬ್ಬನ ಬಳಿ 20 ಕ್ವಿಂಟಲ್ ಮಾಲಿದ್ದು ಕ್ವಿಂಟಲ್ ಬೆಲೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು ಮೌಲ್ಯ 2,40,000 ರೂಪಾಯಿ. ಇದರ ಶೇ. 70, ಅಂದರೆ 1,68,000 ರೂಪಾಯಿ ಸಾಲ ದೊರೆತರೆ ಶೇ. 7ರ ದರದಲ್ಲಿ ನಾಲ್ಕು ತಿಂಗಳ ಬಡ್ಡಿ 3,920 ರೂಪಾಯಿ. ಶೀತಲಗೃಹದ ಬಾಡಿಗೆ ಕ್ವಿಂಟಲ್‌ಗೆ 300 ರೂಪಾಯಿಯಂತೆ 6,000, ತೂಕದ ನಷ್ಟ ಶೇ. 2ರಂತೆ 4,800, ಸಾಗಣೆ ಮತ್ತು ಹಮಾಲಿ 2,000 ಎಂದು ಹಿಡಿದರೆ ಒಟ್ಟು ಖರ್ಚು 16,720 ರೂಪಾಯಿ. ಕ್ವಿಂಟಲ್‌ಗೆ 836 ರೂಪಾಯಿ. ಅರ್ಥಾತ್ ಬೆಲೆ ಶೇ. 7ರಷ್ಟು ಏರಿದರೆ ಅಸಲು. ಅದರ ಮೇಲಿನದೇ ಲಾಭ. ಇದೇ ಹಣವನ್ನು ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯ ಕೈಸಾಲವಾಗಿ ತಂದರೆ ಬಡ್ಡಿಯೇ 13,440 ರೂಪಾಯಿಯಾಗಿ, ಬೆಲೆ ಶೇ. 11ರಷ್ಟು ಏರದ ಹೊರತು ನಷ್ಟ. ಬಾಡಿಗೆ, ಬೆಲೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರತಿಯೊಬ್ಬ ರೈತನೂ ತನ್ನ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿಕೊಳ್ಳಬೇಕು. ತರಬೇತಿ ಶಿಬಿರಗಳಲ್ಲಿ ಇದಕ್ಕೆ ಒಂದು ಗಂಟೆ ಮೀಸಲಿಟ್ಟರೂ ಸಾಕು.

ಶೀತಲಗೃಹದಲ್ಲಿಟ್ಟ ಮಾಲು ಎಂದಾದರೂ ಲಾಭ ತಂದೇ ತರುತ್ತದೆ ಎಂಬ ನಂಬಿಕೆಯೂ ಅಪಾಯಕರ. ಹಳೆಯ ದಾಸ್ತಾನು ಹೊಸ ಹಂಗಾಮಿಗೆ ಕಾಲಿಟ್ಟರೆ ಏನಾಗುವುದೆಂಬುದನ್ನು 2024 ತೋರಿಸಿತು. ಅರ್ಧ ಮಾಲನ್ನು ಮಾರಿ ಸೊಸೈಟಿಯ ಸಾಲ ತೀರಿಸಿ, ಉಳಿದರ್ಧವನ್ನು ಅಡಮಾನವಿಟ್ಟು, ನಾಲ್ಕು ತಿಂಗಳ ಗಡುವನ್ನು ತಾನೇ ವಿಧಿಸಿಕೊಳ್ಳುವುದು ಸಣ್ಣ ಹಿಡುವಳಿದಾರನಿಗೆ ಹೆಚ್ಚು ಕ್ಷೇಮಕರ.

ಸಂಘಟನೆಯ ಭಾರ

ಒಬ್ಬೊಬ್ಬ ರೈತನಿಗೆ ಇಪ್ಪತ್ತು ಕ್ವಿಂಟಲ್‌ಗಾಗಿ ಬ್ಯಾಂಕಿಗೆ ಅಲೆಯುವುದು ಕಷ್ಟ. ಈ ಕಾರಣದಿಂದ ರೈತ ಉತ್ಪಾದಕ ಕಂಪನಿಗಳ ಕಡೆಗೆ ಎಲ್ಲರ ದೃಷ್ಟಿ ಹರಿದಿದೆ. 2020ರ ಫೆಬ್ರವರಿಯಲ್ಲಿ ಆರಂಭವಾದ 10,000 ಸಂಸ್ಥೆಗಳ ಕೇಂದ್ರ ಯೋಜನೆಯಡಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿಗಳವರೆಗೆ ನಿರ್ವಹಣಾ ನೆರವು, ಸದಸ್ಯರ ಷೇರು ಹಣಕ್ಕೆ ಸಮನಾಗಿ ತಲಾ 2,000 ರೂಪಾಯಿಗಳವರೆಗೆ, ಒಟ್ಟು 15 ಲಕ್ಷ ಮೀರದಂತೆ ಅನುದಾನ ನಿಗದಿಯಾಯಿತು. ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು.

18 ಲಕ್ಷವನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 50,000 ರೂಪಾಯಿ. ಮುಖ್ಯ ಕಾರ್ಯನಿರ್ವಾಹಕ, ಲೆಕ್ಕಿಗ, ಕಚೇರಿ ಬಾಡಿಗೆ, ವಾರ್ಷಿಕ ಲೆಕ್ಕಪರಿಶೋಧನೆ, ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕಾದ ನಮೂನೆಗಳು, ತಡವಾದರೆ ದಿನಲೆಕ್ಕದ ಶುಲ್ಕ, ಇಷ್ಟೆಲ್ಲ ಇದರಲ್ಲಿಯೇ ಆಗಬೇಕು. ನಾಲ್ಕನೆಯ ವರ್ಷದಲ್ಲಿ ನೆರವು ನಿಂತಾಗ ವಹಿವಾಟಿನ ಲಾಭದಿಂದಲೇ ನಡೆಯಬೇಕು. ಬೀಜ, ಗೊಬ್ಬರದ ಅಂಗಡಿಯಷ್ಟನ್ನೇ ನಡೆಸುವ ಕಂಪನಿಗೆ ಇದು ಕಷ್ಟಸಾಧ್ಯ. ನೂರು ಕೋಟಿಗಿಂತ ಕಡಿಮೆ ವಹಿವಾಟಿನ ಉತ್ಪಾದಕ ಕಂಪನಿಗಳಿಗೆ ಅರ್ಹ ಆದಾಯದ ಮೇಲೆ ದೊರೆಯುತ್ತಿದ್ದ ಶೇ. 100ರ ಆದಾಯ ತೆರಿಗೆ ರಿಯಾಯಿತಿಯೂ 2024-25ರ ಕರನಿರ್ಧರಣಾ ವರ್ಷದೊಂದಿಗೆ ಮುಗಿದಿರುವುದನ್ನು ನಿರ್ದೇಶಕರು ಗಮನಿಸಬೇಕು. ರೈತ ತಾನು ಬೆಳೆದ ಕಾಯಿಯನ್ನು ಒಣಗಿಸಿ ಮಾರಿದರೆ ಕೃಷಿ ಆದಾಯ. ಆದರೆ ಕುಟ್ಟಿ ಪುಡಿ ಮಾಡಿ ಪೊಟ್ಟಣದಲ್ಲಿ ಮಾರಿದರೆ ಸಂಸ್ಕರಣೆಯಿಂದ ಬಂದ ಭಾಗ ವ್ಯಾಪಾರದ ಆದಾಯ. ಕಾಯಿಯ ಅಂದಿನ ಪೇಟೆ ಬೆಲೆಯ ದಾಖಲೆ ಇರಿಸಿಕೊಂಡವರಿಗೆ ಮುಂದೆ ತೊಂದರೆಯಾಗದು.

ಹಂಗಾಮಿನ ಇತರ ಕೆಲಸಗಳು

ಬ್ಯಾಡಗಿಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹಂಗಾಮಿನುದ್ದಕ್ಕೂ ಬಹುಸಂಖ್ಯೆಯ ಮಹಿಳೆಯರು ಬರುತ್ತಾರೆ. ಖಾರದ ಧೂಳಿನಲ್ಲಿ ದಿನವಿಡೀ ಕುಳಿತು ಮಾಡುವ ಈ ಕೆಲಸಕ್ಕೆ ಕೂಲಿ ಸಿಗುವುದು ಬಿಡಿಸಿದ ತೂಕದ ಲೆಕ್ಕದಲ್ಲಿ. ಇದೇ ಕೆಲಸವನ್ನು ಸ್ವಸಹಾಯ ಸಂಘಗಳು ತಮ್ಮ ಊರಿನಲ್ಲಿಯೇ ಗುತ್ತಿಗೆ ಹಿಡಿದು, ಮುಖಗವಸು ಮತ್ತು ಗಾಳಿ-ಬೆಳಕಿನ ಶೆಡ್ ಒದಗಿಸಿಕೊಂಡು ಮಾಡಿದರೆ ಬಸ್ಸಿನ ಖರ್ಚು, ಪ್ರಯಾಣದ ವೇಳೆ ಉಳಿಯುತ್ತದೆ. ವರ್ತಕರಿಗೆ ಆಯ್ದ ಮಾಲು ಸಿಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಸ್ಥಾಪಿತವಾಗಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಉಚಿತ ವಸತಿ ಸಹಿತ ತರಬೇತಿ ನೀಡುತ್ತವೆ. ಮಸಾಲೆ ಪುಡಿ, ಪ್ಯಾಕಿಂಗ್ ಕಲಿಯಲಿಚ್ಛಿಸುವವರಿಗೆ ಮಳೆಗಾಲದ ಬಿಡುವಿನ ದಿನಗಳು ಸೂಕ್ತ.

ಡಬ್ಬಿ, ಕಡ್ಡಿ ತಳಿಗಳ ಬೀಜೋತ್ಪಾದನೆ ಇನ್ನೊಂದು ಅವಕಾಶ. ಹೆಚ್ಚು ಇಳುವರಿಯ ಸಂಕರಣ ತಳಿಗಳ ಮುಂದೆ ಸ್ಥಳೀಯ ತಳಿಗಳ ಕ್ಷೇತ್ರ ಕುಗ್ಗುತ್ತಿದ್ದು, ಶುದ್ಧ ಬೀಜ ಇರಿಸಿಕೊಂಡ ರೈತರಿಗೆ ಬೇಡಿಕೆ ಇದ್ದೇ ಇದೆ. ಭೌಗೋಳಿಕ ಸೂಚ್ಯಂಕದ ಹೆಸರಿನಲ್ಲಿ ಮಾರಲು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳಬೇಕೆಂಬುದು ಅನೇಕ ಬೆಳೆಗಾರರಿಗೆ ತಿಳಿದಿಲ್ಲ.

ಮುಂಬರುವ ಹಂಗಾಮಿಗಾಗಿ ಮೂರು ಕೆಲಸಗಳು ಡಿಸೆಂಬರ್‌ಗೆ ಮೊದಲೇ ಆಗಬೇಕು. ಶೀತಲಗೃಹದ ಮಾಲೀಕರಾಗಿರುವ ಸದಸ್ಯರು ತಮ್ಮ ಉಗ್ರಾಣ ಪ್ರಾಧಿಕಾರದಲ್ಲಿ ನೋಂದಾಯಿತವಾಗಿದೆಯೇ ಎಂದು ಪರಿಶೀಲಿಸಬೇಕು. ಇಲ್ಲದಿದ್ದರೆ ಅವರು ಕೊಡುವ ಕಾಗದದ ರಸೀದಿಗೆ ಈ ಸೌಲಭ್ಯಗಳಾವುವೂ ಅನ್ವಯಿಸುವುದಿಲ್ಲ. ಬ್ಯಾಂಕುಗಳ ಶಾಖಾ ವ್ಯವಸ್ಥಾಪಕರನ್ನು ಅಕ್ಟೋಬರ್‌ನಲ್ಲಿಯೇ ಕರೆಸಿ, ಅಡಮಾನ ಸಾಲಕ್ಕೆ ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ ಪಡೆದು ಪ್ರಾಂಗಣದ ಫಲಕದಲ್ಲಿ ಹಾಕಬೇಕು. ಬೆಳೆಸಾಲದ ಗಡುವನ್ನು ಮೆಣಸಿನಕಾಯಿ ಬೆಳೆಗಾರರ ಮಟ್ಟಿಗೆ ಹಂಗಾಮಿನ ಕೊನೆಯವರೆಗೆ ವಿಸ್ತರಿಸುವಂತೆ ಸಹಕಾರ ಇಲಾಖೆಗೆ ಮನವಿ ಸಲ್ಲಿಸುವುದು ಮೂರನೆಯದು. ರೈತ ಸಂಘಟನೆಗಳೊಡನೆ ವರ್ತಕರ ಸಹಿಯೂ ಆ ಮನವಿಯಲ್ಲಿದ್ದರೆ ಅದಕ್ಕೆ ತೂಕ ಹೆಚ್ಚು. ಅರ್ಜಿ ಬೆಂಗಳೂರು ತಲುಪಿ ಆದೇಶವಾಗಿ ಮರಳಲು ಹಿಡಿಯುವ ಕಾಲವನ್ನು ಲೆಕ್ಕ ಹಾಕಿದರೆ, ನಾಟಿಯ ದಿನಗಳಲ್ಲಿಯೇ ಅದನ್ನು ಕಳುಹಿಸಬೇಕಾಗುತ್ತದೆ.