ಪರವಲಯಕ್ಕೆ ಗಡಿಯಿಲ್ಲ

ಕರ್ನೂಲು ಜಿಲ್ಲೆಯ ಮದ್ದಿಕೇರದಲ್ಲಿ ಕನ್ನಡವನ್ನು ಮನೆಮಾತಾಗಿ ಉಳ್ಳ ಮಗುವಿಗೆ ಸಂವಿಧಾನವು ಒಂದು ಭರವಸೆಯನ್ನಿತ್ತಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯವಿರಬೇಕೆನ್ನುತ್ತದೆ; ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ವರ್ಗ ಸಮೀಕರಣವು ಎದುರಾಗುವುದು ಹತ್ತನೆಯ ತರಗತಿಯಲ್ಲಿ, ಆ ಭರವಸೆಯ ಎಲ್ಲೆ ದಾಟಿದ ಮೇಲೆ.

ಆದರೂ ಅದರ ನಕ್ಷೆಗೆ ಅಂಜಬೇಕಾಗಿಲ್ಲ. ಒಂದು ಸಂಖ್ಯೆಯ ವರ್ಗದಿಂದ ಆ ಸಂಖ್ಯೆಯ ನಾಲ್ಕರಷ್ಟನ್ನು ಕಳೆದು 3 ಕೂಡಿಸೋಣ. 0, 1, 2, 3, 4ಕ್ಕೆ ಕ್ರಮವಾಗಿ 3, 0, -1, 0, 3 ಎಂಬ ಬೆಲೆಗಳು ದೊರೆಯುತ್ತವೆ. ಸಂಖ್ಯೆಯನ್ನು ಅಡ್ಡ ಅಕ್ಷದಲ್ಲಿಯೂ ಬೆಲೆಯನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿ, ಬಿಂದುಗಳನ್ನು ಬಾಗಿದ ಗೆರೆಯಿಂದ ಸೇರಿಸಿದರೆ ಬಟ್ಟಲಿನ ಆಕಾರ ಮೂಡುತ್ತದೆ. ಸಂಖ್ಯೆ 2 ಆದಾಗ ಅದರ ತಳ, ಅಂದರೆ ಶೃಂಗ. ಅಲ್ಲಿಂದ ಎರಡು ಬದಿಗೂ ಏರಿಕೆ ಸಮಾನ. ಬೆಲೆ ಸೊನ್ನೆಯಾಗುವ 1 ಮತ್ತು 3 ಸಮೀಕರಣದ ಮೂಲಗಳು.

ಈ ರೇಖೆಯು ಕನ್ನಡದಲ್ಲಿ ಪರವಲಯ, ತೆಲುಗಿನಲ್ಲಿ ಪರಾವಲಯ. ವರ್ಗ, ಸಮೀಕರಣ, ಮೂಲ ಎಂಬ ಪದಗಳೂ ಎರಡು ನುಡಿಗಳಿಗೆ ಸಾಧಾರಣ. ಗುಣಾಕಾರವನ್ನು ತಾಯ್ನುಡಿಯಲ್ಲಿ ಮನಗಂಡ ಮಗು ಈ ಪದಗಳನ್ನು ತೆಲುಗು ತರಗತಿಯಲ್ಲಿ ಕೇಳಿ ಬೆಚ್ಚದು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಉಳಿಯಬೇಕಾದುದು ಮುಂದಿನ ಗಣಿತಕ್ಕಾಗಿಯೂ ಹೌದು.