ಡಿಸ್ಪೋಸಲ್ ಜೀಪಿನ ಪಾಠಾಂತರಗಳು

ಹಳೆಯ ಜೀಪೊಂದನ್ನು ಮನೆಯಲ್ಲಿಟ್ಟುಕೊಂಡವನನ್ನು ಎರಡು ಬಗೆಯ ಜನ ಪ್ರಶ್ನಿಸುತ್ತಾರೆ. "ಇದನ್ನು ಇನ್ನೂ ಗುಜರಿಗೆ ಹಾಕಲಿಲ್ಲವೆ?" ಎನ್ನುವವರು ಒಂದು ಬಗೆ. "ಇದನ್ನು ಮೂಲರೂಪಕ್ಕೆ ತರಬಾರದೆ?" ಎನ್ನುವವರು ಇನ್ನೊಂದು ಬಗೆ. ಮೊದಲನೆಯವರಿಗೆ ನಕ್ಕು ಸುಮ್ಮನಾಗಬಹುದು. ಎರಡನೆಯವರಿಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಬಹುಕಾಲ ಗ್ರಂಥಸಂಪಾದನೆಯನ್ನು ಪಾಠ ಹೇಳಿಕೊಂಡು ಬಂದ ನನ್ನಂಥವನಿಗೆ ‘ಮೂಲ’ ಎಂಬ ಮಾತು ಕಿವಿಗೆ ಬಿದ್ದೊಡನೆ ಸಂದೇಹವೂ ಜೊತೆಯಲ್ಲಿಯೇ ಏಳುತ್ತದೆ.

ಜೀಪಿನ ಹುಟ್ಟಿನ ಕತೆ ಇದು. 1940ರಲ್ಲಿ ಅಮೆರಿಕದ ಸೈನ್ಯವು, ಹಗುರವಾಗಿಯೂ ಗಟ್ಟಿಯಾಗಿಯೂ ಇರುವ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಮುಟ್ಟುವಂಥ ಗಾಡಿಯೊಂದು ಬೇಕೆಂದು ತಯಾರಕರನ್ನು ಕೇಳಿತು. ಬಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಆದರೆ ಯುದ್ಧಕಾಲದ ಜೀಪುಗಳನ್ನು ಲಕ್ಷಗಟ್ಟಲೆ ತಯಾರಿಸಿದವರು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಯವರು. ಒಬ್ಬರ ಮಾದರಿಯನ್ನು ಇನ್ನೊಬ್ಬರು ನೋಡಿ, ತಿದ್ದಿ, ಬೆಳೆಸಿದ ಗಾಡಿ ಇದು. 1945ರ ವೇಳೆಗೆ ಇಂಥವು ಆರು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಬರ್ಮಾ ರಣರಂಗದ ಸಲುವಾಗಿ ಭಾರತಕ್ಕೆ ಬಂದವುಗಳಲ್ಲಿ ಎಷ್ಟೋ ಗಾಡಿಗಳು ಯುದ್ಧಾನಂತರ ‘ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಅಂಥದೊಂದನ್ನು ನಮ್ಮ ತಂದೆಯವರು 1964ರಲ್ಲಿ, ಸಕಲೇಶಪುರದ ಕಡೆಯ ತೋಟದವರೊಬ್ಬರಿಂದ ಕೊಂಡು ತಂದರು.

ಅದರ ಪೆಟ್ರೋಲ್ ಎಂಜಿನ್ 2.2 ಲೀಟರಿನದು, ಶಕ್ತಿ 60 ಕುದುರೆಗಳದು. ಇಂದಿನ ಸಣ್ಣ ಕಾರುಗಳಲ್ಲಿಯೇ ಇದಕ್ಕಿಂತ ಹೆಚ್ಚಿನ ಶಕ್ತಿಯುಂಟು. ಆದರೆ ಜೀಪಿನ ಹಿರಿಮೆ ಇರುವುದು ಶಕ್ತಿಯ ಮೊತ್ತದಲ್ಲಲ್ಲ, ಅದನ್ನು ಹಂಚುವ ಬಗೆಯಲ್ಲಿ. ಮುಖ್ಯ ಗೇರುಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆಯಿದೆ. ಅದರ ಒಂದು ಹಿಡಿ ಮುಂದಿನ ಚಕ್ರಗಳಿಗೂ ಶಕ್ತಿಯನ್ನು ಕೂಡಿಸುತ್ತದೆ. ಇನ್ನೊಂದು ಹಿಡಿ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿ, ಎಳೆಯುವ ಬಲವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುತ್ತದೆ. ಆಷಾಢದ ಕೆಸರಿನಲ್ಲಿ ಎತ್ತಿನ ಗಾಡಿ ನಿಂತ ಕಡೆಯಲ್ಲಿ ಜೀಪು ನಡೆಯುತ್ತಿದ್ದುದು ಈ ಎರಡು ಹಿಡಿಗಳ ದೆಸೆಯಿಂದ. ಗಟ್ಟಿ ರಸ್ತೆಗೆ ಬಂದೊಡನೆ ಮುಂದಿನ ಚಕ್ರಗಳನ್ನು ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರಿನ ಮೇಲೆ ಜಾರಲಾಗದೆ ಗೇರಿನ ಹಲ್ಲುಗಳು ನಲುಗುತ್ತವೆ.

ನಮ್ಮ ತಂದೆಯವರು ಮಾಡಿಸಿದ ಮೊದಲ ತಿದ್ದುಪಡಿ 1968ರದು. ಸೈನ್ಯದ ಜೀಪಿಗೆ ಹಿಂಬಾಗಿಲು ಇರಲಿಲ್ಲ. ಹಿಂದಿನ ತಗಡು ಪೂರ್ತಿ ಮುಚ್ಚಿತ್ತು. ಕಾಫಿಯ ಮೂಟೆಗಳನ್ನು ಪ್ರತಿಸಲವೂ ಅದರ ಮೇಲಿಂದ ಎತ್ತಿ ಇಳಿಸಬೇಕಾಗಿತ್ತು. ತಂದೆಯವರು ಆ ತಗಡನ್ನು ಕೊಯ್ಯಿಸಿ, ಕೆಳಗೆ ಕೀಲು, ಎರಡು ಪಕ್ಕಕ್ಕೆ ಸರಪಣಿ ಹಾಕಿಸಿ ಬಾಗಿಲು ಮಾಡಿಸಿದರು. ಸ್ಟೆಪ್ನಿ ಚಕ್ರ ಹಿಂದಿನಿಂದ ಪಕ್ಕಕ್ಕೆ ಸರಿಯಿತು.

1970ರ ಜುಲೈ ತಿಂಗಳ ಒಂದು ರಾತ್ರಿ ನಮ್ಮ ತಾಯಿಯವರಿಗೆ ಹೆರಿಗೆಯ ನೋವು ಕಾಣಿಸಿಕೊಂಡು, ಸೂಲಗಿತ್ತಿ ಕೈಚೆಲ್ಲಿದಳು. ಪೇಟೆಯ ಆಸ್ಪತ್ರೆ ಎಂಟು ಮೈಲಿ. ಕುಳಿತುಕೊಳ್ಳುವ ಸ್ಥಿತಿಯಲ್ಲಿ ತಾಯಿ ಇರಲಿಲ್ಲ. ಹಿಂಬಾಗಿಲನ್ನು ಇಳಿಸಿ ಸರಪಣಿಯ ಮೇಲೆ ನಿಲ್ಲಿಸಿದಾಗ ಮಾತ್ರ ಒಂದು ಆಳು ಮಲಗುವಷ್ಟು ಉದ್ದ ದೊರೆಯಿತು. ಹಲಗೆಯ ಮೇಲೆ ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ ಹೊರಟರು. ಲಾಟೀನು ಹಿಡಿದು ಒಳಗೆ ಕುಳಿತಿದ್ದ ಹನ್ನೊಂದು ವರ್ಷದ ಹುಡುಗ ನಾನು. ಬೆಳಗಿನ ಜಾವಕ್ಕೆ ನನ್ನ ತಮ್ಮ ಹುಟ್ಟಿದ.

1983ರಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ತಂದೆಯವರು ಡೀಸೆಲ್ ಎಂಜಿನ್ ಹಾಕಿಸಿದರು. ಛಂದಸ್ಸಿನಲ್ಲಿ ಒಂದು ಶಬ್ದವನ್ನು ಬದಲಿಸಿದರೆ ಇಡೀ ಪಾದವನ್ನು ಸರಿಪಡಿಸಬೇಕಾಗುವುದಷ್ಟೆ; ಇಲ್ಲಿಯೂ ಹಾಗೆಯೇ. ಹೊಸ ಎಂಜಿನ್ನನ್ನು ಹಳೆಯ ಗೇರುಪೆಟ್ಟಿಗೆಗೆ ಕೂಡಿಸಲು ದಪ್ಪನೆಯ ಉಕ್ಕಿನ ತಟ್ಟೆಯೊಂದನ್ನು ಲೇತಿನಲ್ಲಿ ಕಡೆಸಬೇಕಾಯಿತು. ಅದರ ಭಾರಕ್ಕೆ ಮುಂದಿನ ಪಟ್ಟಿಗಳು ಕುಸಿದವು, ಎಲೆಗಳನ್ನು ಸೇರಿಸಿದ್ದಾಯಿತು. 6 ವೋಲ್ಟಿನ ಬ್ಯಾಟರಿಗೆ ಡೀಸೆಲ್ ಎಂಜಿನ್ ಜಗ್ಗಲಿಲ್ಲ. 12 ವೋಲ್ಟಿನ ವೈರಿಂಗು ಬಂತು. ಬ್ರೇಕು ಮಾತ್ರ ಹಳೆಯದೇ ಉಳಿಯಿತು. ಇದು ದೊಡ್ಡ ತಪ್ಪು. ಗಾಡಿಯ ಭಾರ ಹೆಚ್ಚಿಸಿದವನು ಅದನ್ನು ನಿಲ್ಲಿಸುವ ಬಲವನ್ನೂ ಹೆಚ್ಚಿಸಬೇಕು. ಒಂದು ದಿನ ಇಳಿಜಾರಿನಲ್ಲಿ ಜೀಪು ನಿಲ್ಲದೆ ಹೋಗಿ ಸಿಲ್ವರ್ ಓಕ್ ಮರಕ್ಕೆ ತಗುಲಿದ ಮೇಲೆ ನಮಗೆ ಆ ಪಾಠ ಮನದಟ್ಟಾಯಿತು.

ಈಗ ತೋಟ ನೋಡಿಕೊಳ್ಳುತ್ತಿರುವವನು ಆ ತಮ್ಮನೇ. ಜೀಪನ್ನು ಮೂಲರೂಪಕ್ಕೆ ತರಬೇಕೆಂದು ಹಟ ಹಿಡಿದವನೂ ಅವನೇ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಏರ್ಪಾಡಾಯಿತು. ವಾಹನಕ್ಕೆ ಐವತ್ತು ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಹೇಳಿಕೊಳ್ಳುವಂಥ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಿಗೆ ಓಡಿಸಬಹುದೇ ಹೊರತು ನಿತ್ಯದ ಕೆಲಸಕ್ಕಲ್ಲ. ತಮ್ಮ ಹಳೆಯ ಮಾದರಿಯ ಎಂಜಿನ್ ಹುಡುಕಿದ್ದಾನೆ; ಹಿಂಬಾಗಿಲನ್ನು ಬೆಸುಗೆ ಹಾಕಿ ಮುಚ್ಚಿಸುವುದೊಂದು ಬಾಕಿ.

"ಆ ಬಾಗಿಲು ಇಲ್ಲದಿದ್ದರೆ ನೀನು ಇರುತ್ತಿದ್ದೆಯೋ ಇಲ್ಲವೋ" ಎಂದೆ.

"ಅದು ತನ್ನ ಕೆಲಸ ಮುಗಿಸಿತಲ್ಲ, ಅಣ್ಣಯ್ಯ. ಹೀಗೇ ಬಿಟ್ಟರೆ ತುಕ್ಕು ತಿಂದು ಹೋಗುತ್ತದೆ. ಗಾಡಿ ಉಳಿಯುವುದು ಬೇಡವೆ?" ಎಂದ.

ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಪ್ರಕ್ಷಿಪ್ತವೆಂದು ಕಂಡ ಪದ್ಯವನ್ನು ತೆಗೆದುಹಾಕಿ ಕಾವ್ಯವನ್ನು ಶುದ್ಧಗೊಳಿಸುವ ಸಂಪಾದಕನ ಉತ್ಸಾಹ ನನಗೆ ಅಪರಿಚಿತವಲ್ಲ. ಆದರೆ ಒಳ್ಳೆಯ ಸಂಪಾದಕ ತೆಗೆದುದನ್ನು ಸುಡುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಕೊಯ್ದ ತಗಡಿಗೆ ಅಡಿಟಿಪ್ಪಣಿ ಎಲ್ಲಿ? ಅಲ್ಲದೆ, ಯುದ್ಧಕ್ಕೆಂದು ಹುಟ್ಟಿದ ಗಾಡಿ ನಮ್ಮ ಮನೆಯದಾದದ್ದು ಆ ತಿದ್ದುಪಡಿಗಳಿಂದಲೇ ತಾನೆ?

ಕೊನೆಗೆ ಹೀಗೆ ತೀರ್ಮಾನಿಸಿದೆವು. ಡೀಸೆಲ್ ಎಂಜಿನ್ ಆರ್.ಸಿ. ಪುಸ್ತಕದಲ್ಲಿ ದಾಖಲಾಗಿದೆ, ಅದು ಇರಲಿ. ಬ್ರೇಕನ್ನು ಹೊಸದಾಗಿ ಮಾಡಿಸುವುದು. ತುಕ್ಕು ಹಿಡಿದ ಕಡೆಯಷ್ಟೇ ತಗಡು ಬದಲಿಸುವುದು. ಬಾಗಿಲು ಬಾಗಿಲಾಗಿಯೇ ಇರಲಿ. ವಿಂಟೇಜ್ ಎಂಬ ಬಿರುದು ನಮಗೆ ದೊರೆಯುವುದಿಲ್ಲ. ತಮ್ಮನಿಗೆ ಪೂರ್ತಿ ಸಮಾಧಾನವಾಗಿಲ್ಲವೆಂಬುದನ್ನೂ ಬಲ್ಲೆ. ಆದರೆ ಮೊನ್ನೆ ಮಳೆ ಬಿಟ್ಟ ಹೊತ್ತಿನಲ್ಲಿ ಅವನೊಬ್ಬನೇ ಕುಳಿತು ಆ ಕೀಲುಗಳಿಗೆ ಎಣ್ಣೆ ಹಾಕುತ್ತಿದ್ದುದನ್ನು ಕಂಡೆ. ನಾನೇನೂ ಮಾತಾಡಿಸಲಿಲ್ಲ.